ಕೂಡಿಗೆಗೆ ವಿಮಾನ ಬಂದರೆ ಯಾವ ವಿಮಾನ ಬರಬೇಕು? ಬೆಂಗಳೂರಿನ 14 ಸೀಟಿನ 'ಸಾರಸ್' ಒಂದರ ಪೂರ್ತಿ ಜಾತಕ

ಕೂಡಿಗೆಯಲ್ಲಿ ಮಿನಿ ವಿಮಾನ ನಿಲ್ದಾಣ ಆಗುತ್ತದಂತೆ ಅನ್ನೋ ಮಾತು ಕುಶಾಲನಗರದ ಅಂಗಡಿ ಸಾಲಿನಲ್ಲಿ ಆಗಾಗ ಏಳುತ್ತದೆ, ಸ್ವಲ್ಪ ದಿನ ಓಡಾಡುತ್ತದೆ, ಆಮೇಲೆ ತಣ್ಣಗಾಗುತ್ತದೆ. ಮಾತು ಎದ್ದಾಗಲೆಲ್ಲ ಚರ್ಚೆ ನಡೆಯುವುದು ಜಾಗದ ಬಗ್ಗೆ. ಎಷ್ಟು ಎಕರೆ, ಯಾವ ಇಲಾಖೆಯ ಜಮೀನು, ರನ್‌ವೇ ಎಷ್ಟು ಉದ್ದ ಬರುತ್ತದೆ, ಸುತ್ತಲಿನ ಜಾಗದ ರೇಟ್ ಏನಾಗುತ್ತದೆ, ಇಷ್ಟೇ. ಅಲ್ಲಿ ಬಂದು ಇಳಿಯುವ ವಿಮಾನ ಯಾವುದು ಅಂತ ಕೇಳುವವರು ಕಡಿಮೆ.

ಬಸ್ ಸ್ಟ್ಯಾಂಡ್ ಕಟ್ಟಿದರೆ ಬಸ್ ಬರುತ್ತದೆ, ಯಾಕೆಂದರೆ ಬಸ್ಸುಗಳು ಇವೆ. ಸಣ್ಣ ಏರ್‌ಸ್ಟ್ರಿಪ್‌ಗೆ ಸಣ್ಣ ಪ್ರಯಾಣಿಕರ ವಿಮಾನ ಬೇಕು. ಅದು ನಮ್ಮ ದೇಶದಲ್ಲಿ ಸುಲಭವಾಗಿ ಸಿಗುವ ಸಾಮಾನಲ್ಲ. ಯಾಕೆ ಸಿಗುವುದಿಲ್ಲ ಅಂತ ತಿಳಿಯಬೇಕಾದರೆ ದೊಡ್ಡ ವರದಿ ಓದಬೇಕಿಲ್ಲ. ನಮ್ಮಿಂದ ಐದಾರು ಗಂಟೆ ದಾರಿಯ ಬೆಂಗಳೂರಿನಲ್ಲೇ ಹುಟ್ಟಿದ ಒಂದೇ ಒಂದು ವಿಮಾನದ ಕಥೆ ನೋಡಿದರೆ ಸಾಕು. ಆ ವಿಮಾನದ ಹೆಸರು ಸಾರಸ್. ಅದರಲ್ಲೂ ಮೊದಲು ತಯಾರಾದದ್ದು, ಪಿಟಿ-1. ಪಿಟಿ ಅಂದರೆ ಪ್ರೋಟೋಟೈಪ್, ಮಾದರಿ ವಿಮಾನ.

ಈ ವಿಮಾನ ಹಾರಿತು, ಕೂತಿತು, ಒಂಬತ್ತು ವರ್ಷದ ಹತ್ತಿರ ಬಿಟ್ಟು ಮತ್ತೆ ಹಾರಿತು. ಆದರೆ ಟಿಕೆಟ್ ಕೊಂಡ ಒಬ್ಬನೇ ಒಬ್ಬ ಪ್ರಯಾಣಿಕನನ್ನೂ ಅದು ಹೊತ್ತಿಲ್ಲ.

ನಂಬರ್ ಏನು, ಮಾಲೀಕರು ಯಾರು?

ನಮ್ಮ ಜಿಲ್ಲೆಯ ಗಾಡಿಗೆ ಕೆಎ-12 ಇದ್ದ ಹಾಗೆ ಭಾರತದ ಸಿವಿಲ್ ವಿಮಾನಗಳಿಗೆಲ್ಲ ವಿಟಿ ಅನ್ನೋ ಅಕ್ಷರದಿಂದ ನೋಂದಣಿ ಶುರುವಾಗುತ್ತದೆ. ಸಾರಸ್ ಪಿಟಿ-1ರ ನೋಂದಣಿ ವಿಟಿ-ಎಕ್ಸ್‌ಎಸ್‌ಡಿ. ಇದರಲ್ಲಿರುವ ಎಕ್ಸ್ ಅಕ್ಷರ ಇದು ಪ್ರಯೋಗದ ವಿಮಾನ ಅನ್ನುವುದರ ಗುರುತು. ಅಂದರೆ ಇದು ಹಾರಬಹುದು, ಪರೀಕ್ಷೆ ಮಾಡಬಹುದು, ಆದರೆ ಜನರನ್ನು ಕೂರಿಸಿ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಗಾಡಿ ಭಾಷೆಯಲ್ಲಿ ಹೇಳುವುದಾದರೆ ಟ್ರೇಡ್ ನಂಬರ್ ಹಾಕಿಕೊಂಡು ಓಡಾಡುವ ಹೊಸ ಗಾಡಿ, ಪರ್ಮಿಟ್ ಇಲ್ಲ.

ಮಾಲೀಕರು ಏರ್‌ಲೈನ್ ಅಲ್ಲ, ಎಚ್‌ಎಎಲ್ ಕೂಡ ಅಲ್ಲ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎಲ್ಲರೂ ಎನ್‌ಎಎಲ್ ಅಂತ ಕರೆಯುವ ಸಂಸ್ಥೆ. 1959ರಲ್ಲಿ ಶುರುವಾದ ಇದು ಸಿಎಸ್‌ಐಆರ್ ಕೆಳಗೆ ಬರುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ಗೊತ್ತಲ್ಲ, ನಮ್ಮ ಬೆಳೆಗಾರರು ಜ್ಯೂಸ್, ಮಸಾಲೆ ತರಬೇತಿಗೆ ಅಂತ ಹೋಗುವ ಜಾಗ, ಅದೂ ಇದೇ ಸಿಎಸ್‌ಐಆರ್ ಮನೆಯದ್ದೇ. ಸಂಶೋಧನೆ ಇವರ ಕೆಲಸ. ಫ್ಯಾಕ್ಟರಿ ಇಟ್ಟು ನೂರಾರು ವಿಮಾನ ಮಾಡಿ ಮಾರುವುದು ಇವರ ಕಸುಬಲ್ಲ.

ಇಲ್ಲಿಂದಲೇ ತೊಡಕು. ಈ ಒಂದು ವಿಮಾನಕ್ಕೆ ಸಂಬಂಧಪಟ್ಟವರು ನಾಲ್ಕು ಕಡೆ ಹಂಚಿಹೋಗಿದ್ದರು. ವಿಮಾನ ಎನ್‌ಎಎಲ್‌ದು. ಹಾರಿಸಿದವರು ವಾಯುಪಡೆಯ ಟೆಸ್ಟ್ ಪೈಲಟ್‌ಗಳು, ಬೆಂಗಳೂರಿನಲ್ಲೇ ಇರುವ ಎಎಸ್‌ಟಿಇ ಅನ್ನುವ ಪರೀಕ್ಷಾ ಘಟಕದವರು. ಮುಂದೆ ತಯಾರಿಸಬೇಕಾದವರು ಎಚ್‌ಎಎಲ್, ಅದು ರಕ್ಷಣಾ ಇಲಾಖೆಯದು. ಹಾರಲು ಯೋಗ್ಯ ಅಂತ ಸರ್ಟಿಫಿಕೇಟ್ ಕೊಡಬೇಕಾದವರು ಡಿಜಿಸಿಎ, ಅದು ವಿಮಾನಯಾನ ಇಲಾಖೆಯ ಕೆಳಗೆ. ಒಂದು ಮನೆ ಕಟ್ಟಲು ಗ್ರಾಮ ಪಂಚಾಯಿತಿ, ಕಂದಾಯ, ಅರಣ್ಯ, ಸೆಸ್ಕ್ ನಾಲ್ಕೂ ಕಡೆ ಓಡಿದವರಿಗೆ ಇದರ ರುಚಿ ಹೇಳಬೇಕಿಲ್ಲ.

ಕಾಗದದಿಂದ ಹ್ಯಾಂಗರ್‌ಗೆ

1980ರ ದಶಕದ ನಡುವಿನಲ್ಲಿ ದೇಶಕ್ಕೆ ನಮ್ಮದೇ ಸಣ್ಣ ಪ್ರಯಾಣಿಕರ ವಿಮಾನ ಬೇಕು ಅನ್ನೋ ಯೋಚನೆ ಎನ್‌ಎಎಲ್‌ನಲ್ಲಿ ಬಂತು. ಆಗ ರೊದ್ದಂ ನರಸಿಂಹ ಅವರು ಅದರ ನಿರ್ದೇಶಕರು. ಸಣ್ಣ ಊರುಗಳಿಗೆ ವಿಮಾನ ಕೊಡಬೇಕು ಅಂತಲೇ 1981ರಲ್ಲಿ ಸರ್ಕಾರ ವಾಯುದೂತ್ ಕಂಪನಿ ಶುರು ಮಾಡಿತ್ತು. ಮೈಸೂರಿಗೂ ಅದು ಬಂದಿತ್ತು, ಹಳಬರಿಗೆ ನೆನಪಿರಬಹುದು. ಹೀಗಾಗಿ ಬೇಡಿಕೆ ಇದೆ ಅನ್ನುವ ನಂಬಿಕೆ ಗಟ್ಟಿಯಾಗಿತ್ತು.

1989ರಲ್ಲಿ ಮಾಡಿದ ಅಧ್ಯಯನ ಒಂದು ಲೆಕ್ಕ ಹೇಳಿತು: 9ರಿಂದ 14 ಸೀಟಿನ ವಿಮಾನಗಳು ಹತ್ತು ವರ್ಷದಲ್ಲಿ 250ರಿಂದ 350 ಬೇಕಾಗಬಹುದು. ರಷ್ಯಾದ ಮ್ಯಾಸಿಶ್ಚೇವ್ ಸಂಸ್ಥೆಯೂ ಇಂಥದ್ದೇ 'ಡ್ಯೂಯೆಟ್' ಅನ್ನುವ ವಿಮಾನದ ಮೇಲೆ ಕೆಲಸ ಮಾಡುತ್ತಿತ್ತು. 1991ರಲ್ಲಿ ಇಬ್ಬರೂ ಕೈಜೋಡಿಸಿದರು. ಆದರೆ ಅದೇ ಹೊತ್ತಿಗೆ ಸೋವಿಯತ್ ಒಕ್ಕೂಟವೇ ಒಡೆದು, ರಷ್ಯಾದವರ ಕೈಯಲ್ಲಿ ದುಡ್ಡಿಲ್ಲದೆ ಅವರು ಬೇಗನೆ ಹಿಂದೆ ಸರಿದರು. 1993ರಲ್ಲಿ ಯೋಜನೆಗೆ ಸಾರಸ್ ಅಂತ ಹೆಸರಿಟ್ಟರು, ಉತ್ತರ ಭಾರತದ ಗದ್ದೆಗಳಲ್ಲಿ ಕಾಣುವ ಉದ್ದ ಕಾಲಿನ ಸಾರಸ ಪಕ್ಷಿಯ ಹೆಸರು. ಆ ವರ್ಷವೇ ಎನ್‌ಎಎಲ್‌ನ 'ಹಂಸ' ಅನ್ನೋ ಎರಡು ಸೀಟಿನ ತರಬೇತಿ ವಿಮಾನವೂ ಮೊದಲ ಸಲ ಹಾರಿತು. ಎರಡು ಸೀಟಿನಿಂದ ನೇರ 14 ಸೀಟಿಗೆ ನೆಗೆಯುವುದು ಅಂದರೆ ಸ್ಕೂಟರ್ ಮಾಡಿದವರು ಮಿನಿ ಬಸ್ಸಿಗೆ ಕೈ ಹಾಕಿದ ಹಾಗೆ.

1998ರ ಪೋಖ್ರಾನ್ ಅಣುಪರೀಕ್ಷೆ ಇನ್ನೊಂದು ಹೊಡೆತ. ಅಮೆರಿಕ ನಿರ್ಬಂಧ ಹೇರಿತು, ಬಿಡಿಭಾಗ ಬರುವುದು ಕಷ್ಟವಾಯಿತು, ಯೋಜನೆ ನಿಂತೇ ಹೋಗುವ ಸ್ಥಿತಿಗೆ ಬಂತು. ಕೊನೆಗೆ 1999ರ ಸೆಪ್ಟೆಂಬರ್ 24ರಂದು ಕೇಂದ್ರ ಸರ್ಕಾರದ ಮಂಜೂರಾತಿ ಸಿಕ್ಕಿತು. 2001ರ ಮಾರ್ಚ್‌ಗೆ ಮೊದಲ ಹಾರಾಟ ಅಂತ ಗಡುವು.

ಗಡುವು ಮೀರಿತು. ವಿಟಿ-ಎಕ್ಸ್‌ಎಸ್‌ಡಿ ನೆಲ ಬಿಟ್ಟು ಮೇಲೆದ್ದದ್ದು 2004ರ ಮೇ 29ರಂದು, ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಿಂದ. ಆಗ ದೇವನಹಳ್ಳಿ ಇನ್ನೂ ಇರಲಿಲ್ಲ. ನಮ್ಮ ಕಡೆಯಿಂದ ದುಬೈಗೋ ದೆಹಲಿಗೋ ಹೋಗುವವರು ಬೆಂಗಳೂರಿನಲ್ಲಿ ವಿಮಾನ ಹತ್ತುತ್ತಿದ್ದದ್ದೂ ಇದೇ ರನ್‌ವೇಯಿಂದ.

ನೋಡಲು ಈ ವಿಮಾನ ಬೇರೆಯವಕ್ಕಿಂತ ವಿಚಿತ್ರ. ಸಾಮಾನ್ಯವಾಗಿ ಪ್ರೊಪೆಲ್ಲರ್, ಅಂದರೆ ಫ್ಯಾನು, ರೆಕ್ಕೆಯ ಮುಂದೆ ಇದ್ದು ವಿಮಾನವನ್ನು ಎಳೆಯುತ್ತದೆ. ಸಾರಸ್‌ನಲ್ಲಿ ಎರಡು ಇಂಜಿನ್ ಬಾಲದ ಹತ್ತಿರ ಇವೆ, ಫ್ಯಾನು ಹಿಂದಕ್ಕೆ ಮುಖ ಮಾಡಿದೆ. ಹಿಂದಿನಿಂದ ತಳ್ಳುವ ವಿಮಾನ. ಒಳಗೆ ಕೂತವರಿಗೆ ಸದ್ದು ಕಡಿಮೆ, ಇದು ಲಾಭ. ಇಂಜಿನ್ ಕೆನಡಾದ ಪ್ರಾಟ್ ಅಂಡ್ ವಿಟ್ನಿ ಕಂಪನಿಯದು, ಪಿಟಿ-1ಕ್ಕೆ ಶುರುವಿನಲ್ಲಿ ಹಾಕಿದ್ದು ತಲಾ 850 ಅಶ್ವಶಕ್ತಿಯದು.

ಇಪ್ಪತ್ತು ಮೂಟೆ ಕಾಫಿಯಷ್ಟು ಹೆಚ್ಚು ಭಾರ

ಹಾರಿತು ಅಂತ ಪತ್ರಿಕೆಗಳು ಬರೆದವು, ಸಂಭ್ರಮವೂ ಆಯಿತು. ಆದರೆ ತೂಕದ ಲೆಕ್ಕದಲ್ಲಿ ದೊಡ್ಡ ಸಮಸ್ಯೆ ಕೂತಿತ್ತು.

ಖಾಲಿ ವಿಮಾನ 4,125 ಕೆ.ಜಿ. ತೂಗಬೇಕು ಅಂತ ಡಿಸೈನ್. ನಿಜಕ್ಕೂ ತಯಾರಾದ ಪಿಟಿ-1 ತೂಗಿದ್ದು ಸುಮಾರು 5,118 ಕೆ.ಜಿ. ವ್ಯತ್ಯಾಸ 993 ಕೆ.ಜಿ. ನಮ್ಮ ಲೆಕ್ಕಕ್ಕೆ 50 ಕೆ.ಜಿ.ಯ ಇಪ್ಪತ್ತು ಮೂಟೆ ಕಾಫಿ. ಇನ್ನೊಂದು ರೀತಿಯಲ್ಲಿ ನೋಡಿದರೆ ತಲಾ 70 ಕೆ.ಜಿ.ಯ 14 ಜನರ ತೂಕ 980 ಕೆ.ಜಿ. ಅಂದರೆ ಯಾರೂ ಹತ್ತುವ ಮೊದಲೇ ವಿಮಾನ ಫುಲ್ ಆದ ಹಾಗೆ! ಅಂಗಡಿಯವರಿಗೆ ಇದು ಬೇಗ ಅರ್ಥ ಆಗುತ್ತದೆ: ಸರಕು ಸಾಗಿಸುವ ಪಿಕಪ್ ತಾನೇ ಒಂದು ಟನ್ ಹೆಚ್ಚು ತೂಗಿದರೆ ಬಾಡಿಗೆ ಎಲ್ಲಿಂದ ಹುಟ್ಟಬೇಕು?

ತೂಕ ಹೆಚ್ಚಾದರೆ ಬರೀ ಲಾಭ ಕಡಿಮೆ ಆಗುವುದಲ್ಲ, ಸುರಕ್ಷತೆಯ ಲೆಕ್ಕವೂ ಕೆಡುತ್ತದೆ. ಎರಡು ಇಂಜಿನ್ ವಿಮಾನಕ್ಕೆ ಒಂದು ಕಟ್ಟುನಿಟ್ಟಿನ ನಿಯಮ ಇದೆ. ಟೇಕಾಫ್ ಆಗುವ ಹೊತ್ತಲ್ಲೇ ಒಂದು ಇಂಜಿನ್ ಕೈಕೊಟ್ಟರೂ, ಉಳಿದ ಒಂದರಲ್ಲೇ ವಿಮಾನ ಮೇಲಕ್ಕೆ ಏರುತ್ತಾ ಹೋಗಬೇಕು. ನಿಂತಲ್ಲೇ ನಿಂತರೆ ಸಾಲದು, ಇಷ್ಟು ದೂರಕ್ಕೆ ಇಷ್ಟು ಎತ್ತರ ಅಂತ ಲೆಕ್ಕ ಇದೆ. ಸಂಪಾಜೆಯಿಂದ ಮಡಿಕೇರಿಗೆ ಲೋಡ್ ಹಾಕಿಕೊಂಡು ಹತ್ತುವ ಡ್ರೈವರ್‌ಗೆ ಇಂಜಿನ್ ಸೋತರೆ ಏನಾಗುತ್ತದೆ ಅಂತ ಗೊತ್ತು. ಅಲ್ಲಿ ಕನಿಷ್ಠ ಗಾಡಿ ಬದಿಗೆ ಹಾಕಿ, ಚಕ್ರಕ್ಕೆ ಕಲ್ಲು ಕೊಡಬಹುದು.

ಬಿಡದಿಯ ಆ ಮಧ್ಯಾಹ್ನ

ಎರಡನೇ ಸಾರಸ್, ಪಿಟಿ-2, 2007ರ ಏಪ್ರಿಲ್ 18ರಂದು ಹಾರಿತು. ಅದರ ನೋಂದಣಿ ವಿಟಿ-ಎಕ್ಸ್‌ಆರ್‌ಎಂ. ಇಂಜಿನ್ ಹೆಚ್ಚು ಬಲದ್ದು, ತಲಾ 1,200 ಅಶ್ವಶಕ್ತಿ. ಈಗ ಎನ್‌ಎಎಲ್ ಕೈಯಲ್ಲಿ ಅಣ್ಣ-ತಮ್ಮ ಎರಡು ವಿಮಾನ.

2009ರ ಮಾರ್ಚ್ 6. ಮಡಿಕೇರಿಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ರಾಮನಗರ ದಾಟಿ ಬಿಡದಿ ಬರುತ್ತದಲ್ಲ, ಮಕ್ಕಳನ್ನು ಕರೆದುಕೊಂಡು ಹೋಗುವ ವಂಡರ್‌ಲಾ ಇರುವ ಆಸುಪಾಸು, ಅಲ್ಲೇ ಶೇಷಗಿರಿಹಳ್ಳಿಯ ಬಳಿ ಪಿಟಿ-2 ನೆಲಕ್ಕೆ ಅಪ್ಪಳಿಸಿತು. ಒಳಗಿದ್ದ ಮೂವರೂ ತೀರಿಹೋದರು: ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ. ಇಬ್ಬರು ಪೈಲಟ್‌ಗಳು, ಒಬ್ಬರು ಪರೀಕ್ಷಾ ಇಂಜಿನಿಯರ್. ಮೂವರೂ ವಾಯುಪಡೆಯವರು.

ಆ ದಿನದ ಪರೀಕ್ಷೆ ಹೀಗಿತ್ತು: ಆಕಾಶದಲ್ಲಿ ಬೇಕೆಂದೇ ಒಂದು ಇಂಜಿನ್ ಆಫ್ ಮಾಡುವುದು, ಆಮೇಲೆ ಅದನ್ನು ಹಾರುತ್ತಲೇ ಮತ್ತೆ ಸ್ಟಾರ್ಟ್ ಮಾಡುವುದು. ಕೇಳಿದರೆ ಹುಚ್ಚು ಸಾಹಸ ಅನ್ನಿಸಬಹುದು. ಆದರೆ ಮುಂದೆ ಜನ ಕೂರುವ ಪ್ರತಿ ವಿಮಾನವೂ ಈ ಪರೀಕ್ಷೆ ಪಾಸಾಗಲೇಬೇಕು. ನಾವು ವಿಮಾನದಲ್ಲಿ ಕೂತು ನಿದ್ದೆ ಮಾಡುವುದು ಯಾರೋ ಒಬ್ಬರು ಮೊದಲು ಇದನ್ನು ಮಾಡಿ ನೋಡಿರುವುದರಿಂದ. ಪ್ರೊಪೆಲ್ಲರ್ ವಿಮಾನದಲ್ಲಿ ಇಂಜಿನ್ ನಿಂತರೆ ಫ್ಯಾನಿನ ಎಲೆಗಳನ್ನು ಗಾಳಿಗೆ ಅಂಚು ತೋರಿಸುವ ಹಾಗೆ ತಿರುಗಿಸುತ್ತಾರೆ, ಇಲ್ಲವಾದರೆ ನಿಂತ ಫ್ಯಾನೇ ಗಾಳಿಗೆ ತಡೆಯಾಗಿ ವಿಮಾನವನ್ನು ಹಿಡಿದು ಎಳೆಯುತ್ತದೆ. ಮತ್ತೆ ಸ್ಟಾರ್ಟ್ ಮಾಡುವಾಗ ಯಾವ ಲಿವರ್ ಮೊದಲು, ಯಾವುದು ಆಮೇಲೆ, ಎಷ್ಟು ಎತ್ತರದಲ್ಲಿ ಅನ್ನುವುದೆಲ್ಲ ಕ್ರಮಬದ್ಧವಾಗಿ ಬರೆದಿಟ್ಟಿರಬೇಕು.

ತನಿಖೆ ಹೇಳಿದ್ದೂ ಅದನ್ನೇ. ಮತ್ತೆ ಸ್ಟಾರ್ಟ್ ಮಾಡುವ ಕ್ರಮವನ್ನು ವಿನ್ಯಾಸ ಮಾಡಿದವರು ಬರೆದುಕೊಟ್ಟದ್ದೇ ತಪ್ಪಾಗಿತ್ತು. ಸಿಬ್ಬಂದಿ ಅದನ್ನೇ ಅನುಸರಿಸಿದರು, ಅದೂ ಸಾಕಷ್ಟು ಎತ್ತರ ಇಲ್ಲದೆ. ವಿಮಾನ ವೇಗವಾಗಿ ಕೆಳಗಿಳಿಯಿತು, ಹಿಡಿತಕ್ಕೆ ಸಿಗಲಿಲ್ಲ. ಮುಂದೆ ಕೇಂದ್ರ ಸರ್ಕಾರ, ವಿಮಾನದ ವಿನ್ಯಾಸದಲ್ಲಾಗಲಿ ತಯಾರಿಕೆಯಲ್ಲಾಗಲಿ ದೋಷ ಇರಲಿಲ್ಲ ಅಂತ ಡಿಜಿಸಿಎ ಹೇಳಿದೆ ಎಂದು ವಿವರಿಸಿತು. ಎರಡೂ ಮಾತು ಒಟ್ಟಿಗೆ ಓದಬೇಕು. ಲೋಹ, ಇಂಜಿನ್, ರೆಕ್ಕೆ ಸರಿ ಇದ್ದವು. ಕಾಗದದಲ್ಲಿ ಬರೆದ ಕ್ರಮ ತಪ್ಪಿತ್ತು. ಆ ಕಾಗದವೂ ವಿಮಾನದ ಒಂದು ಭಾಗವೇ ಅನ್ನುವುದು ನನ್ನ ಅಭಿಪ್ರಾಯ. ಅದನ್ನು ಬಿಟ್ಟು ವಿಮಾನ ನಿರ್ದೋಷಿ ಅಂತ ಹೇಳಿದರೆ ಆ ಮೂವರ ಕುಟುಂಬಗಳಿಗೆ ಅರ್ಧ ಉತ್ತರ ಕೊಟ್ಟ ಹಾಗೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಪ್ರತಿಮೆ ನಿಲ್ಲಿಸಿರುವ ಜಿಲ್ಲೆಯಲ್ಲಿ ಈ ಮೂರು ಹೆಸರು ಗೊತ್ತಿರುವವರು ಎಷ್ಟು ಜನ?

ಉಳಿದ ಒಂದೇ ಒಂದು

ತಮ್ಮ ಹೋದ ಮೇಲೆ ಅಣ್ಣನೂ ಮೂಲೆ ಸೇರಿದ. ಪಿಟಿ-1 ಈಗ ದೇಶದಲ್ಲಿ ಉಳಿದ, ಹಾರಿ ಅನುಭವ ಇದ್ದ ಏಕೈಕ ಸಾರಸ್. ಅದನ್ನು ಹಾರಿಸಲಿಲ್ಲ. ಯೋಜನೆಗೆ ಬರುತ್ತಿದ್ದ ಹಣ 2013ರ ಕೊನೆಗೆ ನಿಂತಿತು. 2016ರ ಜನವರಿ ಹೊತ್ತಿಗೆ ಕೆಲಸ ಪೂರ್ತಿ ನಿಂತಿದೆ ಅಂತ ಸುದ್ದಿ ಬಂತು.

ನಿಲ್ಲಿಸಿದ ಗಾಡಿ ಏನಾಗುತ್ತದೆ ಅಂತ ನಮಗೆ ಗೊತ್ತು. ಮಳೆಗಾಲಕ್ಕೆ ಶೆಡ್ಡಿನಲ್ಲಿಟ್ಟ ಜೀಪನ್ನು ನಾಲ್ಕು ತಿಂಗಳು ಬಿಟ್ಟು ತೆಗೆದರೆ ಬ್ಯಾಟರಿ ಇಳಿದಿರುತ್ತದೆ, ರಬ್ಬರ್ ಬಿರುಕು ಬಿಟ್ಟಿರುತ್ತದೆ, ವೈರನ್ನು ಇಲಿ ಕಡಿದಿರುತ್ತದೆ. ವಿಮಾನಕ್ಕಾದರೆ ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅದನ್ನು ಕಟ್ಟಿದ ಕೈಗಳು ನಿವೃತ್ತಿ ಆಗುತ್ತವೆ, ಬೇರೆ ಕೆಲಸಕ್ಕೆ ಹೋಗುತ್ತವೆ. ಯಾವ ಪೈಪ್ ಯಾಕೆ ಹಾಗೆ ಬಗ್ಗಿಸಿದ್ದೇವೆ ಅಂತ ಗೊತ್ತಿರುವ ಮನುಷ್ಯ ಮನೆಗೆ ಹೋದರೆ ಆ ಜ್ಞಾನ ಕಡತದಲ್ಲಿ ಪೂರ್ತಿ ಸಿಗುವುದಿಲ್ಲ.

ಆಮೇಲೆ ಸರ್ಕಾರ ಮತ್ತೆ ಮನಸ್ಸು ಮಾಡಿತು. ಹೊಸ ವಿಮಾನ ಕಟ್ಟುವ ಬದಲು ನಿಂತಿದ್ದ ಹಳೆಯದನ್ನೇ ಬಿಚ್ಚಿ ಸರಿ ಮಾಡಲು ತೀರ್ಮಾನಿಸಿದರು. 850 ಅಶ್ವಶಕ್ತಿಯ ಜಾಗಕ್ಕೆ 1,200ರ ಎರಡು ಇಂಜಿನ್ ಬಂದವು. ಪ್ರೊಪೆಲ್ಲರ್ ಅಳತೆ 104 ಇಂಚು, ಅಂದರೆ ಎಂಟೂವರೆ ಅಡಿಗಿಂತ ಜಾಸ್ತಿ. ಒಂದೇ ಇಂಜಿನ್‌ನಲ್ಲಿ ಮೇಲೇರುವ ಆ ನಿಯಮ ಹೇಳಿದೆನಲ್ಲ, ಅದನ್ನು ಪಾಸಾಗಲಿಕ್ಕೇ ಈ ಬದಲಾವಣೆ. ವಿಮಾನದ ಒಟ್ಟು ತೂಕದ ಮಿತಿ 7,100 ಕೆ.ಜಿ. ಅಂತ ಇಟ್ಟುಕೊಂಡು ಚಕ್ರ, ಬ್ರೇಕ್ ಬದಲಿಸಿದರು. ಹಿಂದಿನ ಚುಕ್ಕಾಣಿಯ ಅಗಲ ತಿದ್ದಿದರು. ವಿಮಾನ ವೇಗ ಕಳೆದುಕೊಂಡು ಬೀಳುವ ಮೊದಲೇ ಪೈಲಟ್‌ಗೆ ಎಚ್ಚರಿಕೆ ಕೊಡುವ ಸಾಧನವನ್ನು ಇಲ್ಲೇ ತಯಾರಿಸಿ ಹಾಕಿದರು. ಹೆಸರಿಗೂ ಒಂದು ಅಕ್ಷರ ಸೇರಿತು: ಪಿಟಿ1ಎನ್.

ಗಮನಿಸಿ, ತೂಕದ ಸಮಸ್ಯೆಯನ್ನು ಇಲ್ಲಿ ಬಗೆಹರಿಸಿದ್ದು ತೂಕ ಇಳಿಸಿ ಅಲ್ಲ, ಬಲ ಹೆಚ್ಚಿಸಿ. ಪರೀಕ್ಷೆಗೆ ಅದು ನಡೆಯುತ್ತದೆ. ಬಾಡಿಗೆಗೆ ಓಡಿಸುವವನಿಗೆ ಇಂಧನದ ಬಿಲ್ಲಿನಲ್ಲಿ ಅದು ಬಂದೇ ಬರುತ್ತದೆ.

2018, ಎರಡನೇ ಹುಟ್ಟು

2018ರ ಜನವರಿ 24ರಂದು ಅದೇ ಎಚ್‌ಎಎಲ್ ರನ್‌ವೇಯಿಂದ ಪಿಟಿ1ಎನ್ ಮತ್ತೆ ಎದ್ದಿತು. ವಾಯುಪಡೆಯ ವಿಂಗ್ ಕಮಾಂಡರ್ ಯು.ಪಿ. ಸಿಂಗ್, ಗ್ರೂಪ್ ಕ್ಯಾಪ್ಟನ್ ಆರ್.ವಿ. ಪಣಿಕ್ಕರ್, ಗ್ರೂಪ್ ಕ್ಯಾಪ್ಟನ್ ಕೆ.ಪಿ. ಭಟ್ ಒಳಗಿದ್ದರು. ಸುಮಾರು 40 ನಿಮಿಷ ಹಾರಾಟ. 8,500 ಅಡಿ ಎತ್ತರ, 145 ನಾಟ್ ವೇಗ, ಅಂದರೆ ಗಂಟೆಗೆ 268 ಕಿ.ಮೀ. ಎತ್ತರದ ಅಂದಾಜು ಬೇಕಾದರೆ ತಡಿಯಂಡಮೋಳ್ 1,748 ಮೀಟರ್, 8,500 ಅಡಿ ಅಂದರೆ ಸುಮಾರು 2,590 ಮೀಟರ್.

ಫೆಬ್ರುವರಿ 21ರಂದು ಎರಡನೇ ಹಾರಾಟ. ಅದಕ್ಕೆ ಆಗಿನ ವಿಜ್ಞಾನ ಸಚಿವ ಹರ್ಷವರ್ಧನ್ ಬಂದಿದ್ದರು. ಒಟ್ಟು 20 ಹಾರಾಟ ಮಾಡಿ ಆಮೇಲೆ ಮಾರಾಟದ ಮಾದರಿಯ ವಿನ್ಯಾಸ ಅಂತಿಮ ಮಾಡುತ್ತೇವೆ ಅಂತ ಘೋಷಣೆ ಆಯಿತು. ಆ ಮಾದರಿಗೆ ಹೆಸರು ಸಾರಸ್ ಮಾರ್ಕ್-2, ಸೀಟು 14 ಅಲ್ಲ, 19. ಬೆಲೆ 40ರಿಂದ 45 ಕೋಟಿ ರೂಪಾಯಿ ಆಗಬಹುದು, ಹೊರಗಿನಿಂದ ತಂದರೆ 60ರಿಂದ 70 ಕೋಟಿ ಆಗುತ್ತದೆ ಅಂತ ಸರ್ಕಾರ ಹೇಳಿತು. ವಾಯುಪಡೆ ಮೊದಲಿಗೆ 15 ವಿಮಾನ ತೆಗೆದುಕೊಳ್ಳಲು ಒಪ್ಪಿತು.

ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮಲ್ಲಿ ಏನಾಯಿತು ಅಂತ ಬರೆಯಬೇಕಿಲ್ಲ. ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆದಾಗ ಕೊಡಗಿಗೆ ವಿಮಾನ ನಿಲ್ದಾಣ ಬೇಕು ಅನ್ನುವ ಕೂಗಿಗೆ ಹೊಸ ಅರ್ಥ ಬಂತು. ಟೂರಿಸಂ ಬಿಡಿ, ಔಷಧಿ, ರೋಗಿಗಳನ್ನು ಸಾಗಿಸಲಾದರೂ ಒಂದು ದಾರಿ ಬೇಕು ಅಂತ. ಅದೇ ಡಿಸೆಂಬರ್ 9ರಂದು ಕಣ್ಣೂರು ವಿಮಾನ ನಿಲ್ದಾಣ ತೆರೆಯಿತು. ವಿರಾಜಪೇಟೆಯವರು ಮಾಕುಟ್ಟ ಘಾಟ್ ಇಳಿದು, ಇರಿಟ್ಟಿ ದಾಟಿ ಮಟ್ಟನ್ನೂರಿಗೆ ಹೋಗಿ ವಿಮಾನ ಹತ್ತುವುದು ಈಗ ಮಾಮೂಲು. ಮಳೆಗೆ ಮಾಕುಟ್ಟ ರಸ್ತೆ ಕುಸಿದರೆ ಮಾತ್ರ ಆ ದಾರಿಯೂ ಇಲ್ಲ.

19 ಸೀಟು ಅಂತ ಯಾಕೆ?

14ರಿಂದ 19ಕ್ಕೆ ಯಾಕೆ ಹೋದರು, 25 ಯಾಕೆ ಅಲ್ಲ? ಇದು ನಿಯಮದ ಗೆರೆ. 19 ಪ್ರಯಾಣಿಕರವರೆಗಿನ ವಿಮಾನಗಳು 'ಕಮ್ಯೂಟರ್' ವರ್ಗಕ್ಕೆ ಬರುತ್ತವೆ. ಗಗನಸಖಿ ಕಡ್ಡಾಯವಲ್ಲ, ತೂಕ ಮತ್ತು ಪರೀಕ್ಷೆಯ ನಿಯಮಗಳೂ ದೊಡ್ಡ ವಿಮಾನದಷ್ಟು ಭಾರವಲ್ಲ. ಇಪ್ಪತ್ತನೇ ಸೀಟು ಹಾಕಿದ ಕೂಡಲೇ ಖರ್ಚು ಇನ್ನೊಂದು ಮೆಟ್ಟಿಲು ಹತ್ತುತ್ತದೆ. ಆದ್ದರಿಂದ ಲೋಕದ ಸಣ್ಣ ವಿಮಾನಗಳೆಲ್ಲ 19ಕ್ಕೆ ಬಂದು ನಿಲ್ಲುತ್ತವೆ.

ಆದರೂ ಲೆಕ್ಕ ಕಷ್ಟವೇ. 72 ಸೀಟಿನ ಎಟಿಆರ್‌ಗೂ ಇಬ್ಬರು ಪೈಲಟ್ ಬೇಕು, 19 ಸೀಟಿನದಕ್ಕೂ ಇಬ್ಬರು. ಅಗ್ನಿಶಾಮಕ, ಭದ್ರತೆ, ಹವಾಮಾನ ಸಿಬ್ಬಂದಿ ನೆಲದ ಮೇಲೆ ಹೇಗೂ ಇರಲೇಬೇಕು. ಆ ಖರ್ಚನ್ನು 72 ಜನಕ್ಕೆ ಹಂಚುವುದಕ್ಕೂ 19 ಜನಕ್ಕೆ ಹಂಚುವುದಕ್ಕೂ ಎಷ್ಟು ವ್ಯತ್ಯಾಸ ಅಂತ ಹೋಟೆಲ್ ನಡೆಸುವವರನ್ನು ಕೇಳಿ, ಹೇಳುತ್ತಾರೆ. ವಾಯುದೂತ್ ಮುಳುಗಿದ್ದರಲ್ಲಿ ಈ ಲೆಕ್ಕದ ಪಾಲು ದೊಡ್ಡದು. 1990ರ ದಶಕದಲ್ಲಿ ಅದನ್ನು ಇಂಡಿಯನ್ ಏರ್‌ಲೈನ್ಸ್‌ಗೆ ಸೇರಿಸಿ ಕಥೆ ಮುಗಿಸಿದರು.

ಕೇಂದ್ರದ ಉಡಾನ್ ಯೋಜನೆ ಬಂದದ್ದು ಈ ಗುಂಡಿ ಮುಚ್ಚಲಿಕ್ಕೆ. 2017ರ ಏಪ್ರಿಲ್ 27ರಂದು ಶಿಮ್ಲಾ–ದೆಹಲಿ ನಡುವೆ ಅದರ ಮೊದಲ ವಿಮಾನ ಹಾರಿತು. ಸುಮಾರು ಒಂದು ಗಂಟೆಯ ಹಾರಾಟಕ್ಕೆ, ರಿಯಾಯಿತಿ ಸೀಟಿಗೆ 2,500 ರೂಪಾಯಿ ಮಿತಿ ಅಂತ ಶುರುವಾಯಿತು. ಕಂಪನಿಗೆ ಆಗುವ ನಷ್ಟವನ್ನು ಸರ್ಕಾರ ಮೂರು ವರ್ಷ ತುಂಬುತ್ತದೆ. ಮೂರು ವರ್ಷದ ಮೇಲೆ ಆ ಊರಿನ ಪ್ರಯಾಣಿಕರೇ ವಿಮಾನವನ್ನು ಸಾಕಬೇಕು. ನಮ್ಮ ಪಕ್ಕದ ಮೈಸೂರು ನೋಡಿ. ಮಂಡಕಳ್ಳಿಯಲ್ಲಿ ಹೊಸ ಟರ್ಮಿನಲ್ ಆದ ಮೇಲೆ 2010ರ ಅಕ್ಟೋಬರ್ 1ರಂದು ಕಿಂಗ್‌ಫಿಷರ್‌ನ ಎಟಿಆರ್ ಬಂತು, ಹೆಚ್ಚು ದಿನ ನಿಲ್ಲಲಿಲ್ಲ. 2013ರಲ್ಲಿ ಸ್ಪೈಸ್‌ಜೆಟ್ ಬಂತು, ಅದೂ ನಿಲ್ಲಲಿಲ್ಲ. 2017ರಲ್ಲಿ ಉಡಾನ್ ಹೆಸರಲ್ಲಿ ಟ್ರೂಜೆಟ್ ಬಂದ ಮೇಲೆ ಸ್ವಲ್ಪ ಚೇತರಿಕೆ. ಅರಮನೆ, ದಸರಾ, ಅಷ್ಟು ದೊಡ್ಡ ಊರು ಇದ್ದೂ ಈ ಪಾಡು. 1,740 ಮೀಟರ್ ರನ್‌ವೇ ಆದ್ದರಿಂದ ದೊಡ್ಡ ಜೆಟ್‌ಗಳು ಅಲ್ಲಿ ಇಳಿಯುವುದಿಲ್ಲ, ಪ್ರೊಪೆಲ್ಲರ್ ವಿಮಾನವನ್ನೇ ನಂಬಬೇಕು.

ಹಾಗಾದರೆ ಕೂಡಿಗೆಗೆ?

ಕೂಡಿಗೆ ಸಮುದ್ರ ಮಟ್ಟದಿಂದ 800 ಮೀಟರ್‌ಗಿಂತ ಮೇಲಿದೆ. ಎತ್ತರ ಹೆಚ್ಚಾದಷ್ಟು ಗಾಳಿ ತೆಳು, ಗಾಳಿ ತೆಳುವಾದಷ್ಟು ಇಂಜಿನ್ ಬಲ ಕಡಿಮೆ, ರನ್‌ವೇ ಉದ್ದ ಬೇಕು. ಬೆಂಗಳೂರಿನದೂ ಹೆಚ್ಚುಕಡಿಮೆ ಇದೇ ಎತ್ತರ, ಆದ್ದರಿಂದ ಅಲ್ಲಿ ಪಾಸಾದ ವಿಮಾನ ಇಲ್ಲಿಗೂ ಆಗುತ್ತದೆ ಅನ್ನುವುದು ಒಂದು ಸಮಾಧಾನ. ಮಳೆ ಮತ್ತು ಮೋಡದ ವಿಷಯದಲ್ಲಿ ಮಾತ್ರ ಬೆಂಗಳೂರಿನ ಲೆಕ್ಕ ಇಲ್ಲಿ ನಡೆಯಲ್ಲ. ಸಣ್ಣ ಸ್ಟ್ರಿಪ್‌ಗಳಲ್ಲಿ ಪೈಲಟ್ ಕಣ್ಣಿಗೆ ನೆಲ ಕಾಣಿಸಿಯೇ ಇಳಿಯಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಎಷ್ಟು ದಿನ ನೆಲ ಕಾಣುತ್ತದೆ? ಕುಶಾಲನಗರ ಭಾಗ ಮಳೆನೆರಳಿನ ಅಂಚು, ಮಡಿಕೇರಿ–ಭಾಗಮಂಡಲದಷ್ಟು ಮಳೆ ಇಲ್ಲ. ಜಿಲ್ಲೆಯಲ್ಲಿ ಜಾಗ ಹುಡುಕುವವರು ಕೂಡಿಗೆಗೇ ಬರುವುದರಲ್ಲಿ ಇದೂ ಒಂದು ಕಾರಣ ಆಗಬಹುದು.

ಮಾರ್ಕ್-2 ಸಾರಸ್ ಬಂದರೆ ಇಂಥ ಜಾಗಕ್ಕೇ ಹೇಳಿ ಮಾಡಿಸಿದ ಹಾಗಿರುತ್ತದೆ. ಆದರೆ ಅದು ಇನ್ನೂ ಒಮ್ಮೆಯೂ ಹಾರಿಲ್ಲ. ಮೊದಲ ಹಾರಾಟ ಆದ ಮೇಲೆ ಸರ್ಟಿಫಿಕೇಟ್, ಆಮೇಲೆ ಕಾನ್ಪುರದ ಎಚ್‌ಎಎಲ್‌ನಲ್ಲಿ ತಯಾರಿಕೆ, ಮೊದಲ ಸರದಿ ವಾಯುಪಡೆಗೆ. ನಾಗರಿಕ ಕಂಪನಿಗಳು ಆ ಸಾಲಿನ ಹಿಂದೆ ನಿಂತಿರಬೇಕು. ವಿಟಿ-ಎಕ್ಸ್‌ಎಸ್‌ಡಿ ಮಂಜೂರಾತಿಯಿಂದ ಮೊದಲ ಹಾರಾಟಕ್ಕೆ ತೆಗೆದುಕೊಂಡದ್ದೇ ನಾಲ್ಕು ವರ್ಷ ಎಂಟು ತಿಂಗಳು, ಅದು ಹಾರಿ ಇಷ್ಟು ವರ್ಷವಾದರೂ ಮಾರಾಟದ ವಿಮಾನ ಒಂದೂ ಹೊರಬಂದಿಲ್ಲ ಅನ್ನುವುದನ್ನು ನೆನಪಿಟ್ಟುಕೊಂಡು ಈ ಸಾಲಿನ ಉದ್ದ ಅಳೆಯಬಹುದು.

ಇವತ್ತಿಗೆ ದೇಶದಲ್ಲೇ ತಯಾರಾಗುವ, ಟಿಕೆಟ್ ಕೊಟ್ಟು ಹತ್ತಬಹುದಾದ ಸಣ್ಣ ವಿಮಾನ ಅಂದರೆ ಡಾರ್ನಿಯರ್-228. ವಿನ್ಯಾಸ ಜರ್ಮನಿಯದು, ಲೈಸೆನ್ಸ್ ಪಡೆದು ಕಾನ್ಪುರದಲ್ಲಿ ಎಚ್‌ಎಎಲ್ ಮಾಡುತ್ತದೆ. ವಾಯುದೂತ್ ಕಾಲದಲ್ಲಿ ಹಾರಿದ್ದೂ ಇದೇ ಜಾತಿಯ ವಿಮಾನ. ಕೋಸ್ಟ್ ಗಾರ್ಡ್, ನೌಕಾಪಡೆ, ವಾಯುಪಡೆ ಎಲ್ಲರೂ ಬಳಸುತ್ತಾರೆ. 2017ರ ಡಿಸೆಂಬರ್‌ನಲ್ಲಿ ಡಿಜಿಸಿಎ ಇದಕ್ಕೆ ನಾಗರಿಕ ಬಳಕೆಯ ಒಪ್ಪಿಗೆ ಕೊಟ್ಟಿತು. 2022ರ ಏಪ್ರಿಲ್ 12ರಂದು ಅಲಯನ್ಸ್ ಏರ್‌ನ 17 ಸೀಟಿನ ಡಾರ್ನಿಯರ್ ಅಸ್ಸಾಂನ ದಿಬ್ರೂಗಢದಿಂದ ಅರುಣಾಚಲದ ಪಾಸಿಘಾಟ್‌ಗೆ ಹಾರಿತು. ಪಾಸಿಘಾಟ್ ಕೂಡ ಬೆಟ್ಟದ ಬುಡದ ಊರು, ಮಳೆ ಜೋರು, ಪಕ್ಕದಲ್ಲಿ ನದಿ. ಕೂಡಿಗೆಯ ಪ್ರಸ್ತಾವನೆ ಮುಂದಿನ ಸಲ ಚರ್ಚೆಗೆ ಬಂದಾಗ ಎಕರೆ ಲೆಕ್ಕದ ಜೊತೆಗೆ ಪಾಸಿಘಾಟ್‌ನಲ್ಲಿ ಮಳೆಗಾಲದಲ್ಲಿ ಎಷ್ಟು ಹಾರಾಟ ರದ್ದಾಗುತ್ತದೆ, ಎಷ್ಟು ಸೀಟು ತುಂಬುತ್ತದೆ ಅನ್ನುವ ಲೆಕ್ಕವನ್ನೂ ನಮ್ಮ ಜನಪ್ರತಿನಿಧಿಗಳು ತರಿಸಿಕೊಂಡರೆ ಅಂಗಡಿ ಸಾಲಿನ ಮಾತಿಗೆ ಒಂದು ಆಧಾರ ಸಿಗುತ್ತದೆ.